ಸೊಸೆಯ ಎಡಗಾಲು

ಮುನಿಗಂಗಮ್ಮ ಕಾಯಿಲೆ ಅಂತ ಮಲಗುವ ಹೆಂಗಸಲ್ಲ. ಬೈರಕೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಇದೇ ಮಾತು ಹೇಳುತ್ತಾರೆ. ಮೈ ಬಿಸಿಯಾದರೆ ಒಂದು ಚೊಂಬು ಮೆಣಸಿನ ಕಷಾಯ ಕುಡಿದು ಸೊಪ್ಪು ಕೊಯ್ಯಲು ಹೊರಡುವವಳು. ಕಾಲಿಗೆ ಮುಳ್ಳು ನೆಟ್ಟರೆ ಕೂತು ತೆಗೆಯಲು ಪುರುಸೊತ್ತಿಲ್ಲದೆ ಸಂಜೆಯವರೆಗೂ ಅದನ್ನು ಹೊತ್ತುಕೊಂಡೇ ತಿರುಗುವವಳು. ಅಂಥವಳು, ಯುದ್ಧದ ಕಾಲದ ಒಂದು ಕಾರ್ತಿಕದಲ್ಲಿ, ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಎತ್ತಲು ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟಳು.

ಸೊಂಟದಲ್ಲಿ ಏನೋ ಕಳಚಿದಂತಾಯಿತು. ಆಮೇಲೆ ನೋವು ಹೊರಟಿತು ನೋಡಿ. ಎಡಗಡೆ ಕುಂಡೆಯ ನಡುವಿನಿಂದ ಹೊರಟು, ತೊಡೆಯ ಹಿಂಭಾಗ ಹಿಡಿದು, ಮೀನಖಂಡದ ಹೊರಮಗ್ಗುಲಲ್ಲಿ ಇಳಿದು, ಕಿರುಬೆರಳಿನ ತುದಿಗೆ ಹೋಗಿ ನಿಂತಿತು. ಕಾದ ತಂತಿಯನ್ನು ಒಳಗೆ ಸೇರಿಸಿ ಯಾರೋ ಎಳೆದ ಹಾಗೆ. ಅವಳು ಕೂಗಲಿಲ್ಲ. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲಿರುವ ಹೊತ್ತು, ಮನೆಯಲ್ಲಿ ಗದ್ದಲ ಕೂಡದು ಎಂದು ಹಲ್ಲು ಕಚ್ಚಿ, ಗೋಡೆ ಹಿಡಿದು ಮೆಲ್ಲಗೆ ಕೂತಳು. ಕೂತ ಮೇಲೆ ಏಳಲು ಆಗಲಿಲ್ಲ.

ಆ ಮನೆಯಲ್ಲಿ ಇದ್ದವರು ನಾಲ್ವರು. ಗಂಡ ಆವಲಪ್ಪ ಊರವರಿಗೆ ನ್ಯಾಯ ಹೇಳುವುದರಲ್ಲಿ ಗಟ್ಟಿಗ. ಮನೆಯೊಳಗೆ ಮಾತ್ರ ಉಂಡ ತಣಿಗೆಯನ್ನು ತಾನೇ ಎತ್ತಿಟ್ಟವನಲ್ಲ. ಮಗ ಮುನಿಶಾಮಿ ಒಳ್ಳೆಯವನೇ, ಆದರೆ ಅಪ್ಪನ ಎದುರು ಬಾಯಿ ಬಿಡುವವನಲ್ಲ. ಸೊಸೆ ಆದಿಲಕ್ಷ್ಮಿ ಶ್ರೀನಿವಾಸಪುರದ ಕಡೆಯವಳು, ಮದುವೆಯಾಗಿ ಬಂದು ಎರಡು ವರ್ಷ, ಈಗ ಐದು ತಿಂಗಳ ಬಸುರಿ. ವಿಮಾನದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ರೇಷ್ಮೆಯೇ ಬೇಕಂತೆ ಎಂಬ ಸುದ್ದಿ ಹಬ್ಬಿ ಆ ವರ್ಷ ಊರಿಗೆ ಊರೇ ಹುಳ ಸಾಕಲು ಬಿದ್ದಿತ್ತು. ಇವರ ಪಡಸಾಲೆಯಲ್ಲೂ ಬಿದಿರಿನ ತಟ್ಟೆಗಳು ಗೋಡೆಯುದ್ದ ಅಟ್ಟ ಕಟ್ಟಿ ಕೂತಿದ್ದವು. ಸೊಪ್ಪು ಹಾಕುವುದು, ಹಿಕ್ಕೆ ಬಳಿಯುವುದು, ಮತ್ತೆ ಸೊಪ್ಪು ಹಾಕುವುದು. ಆ ಕೆಲಸಕ್ಕೆ ಹಗಲು ರಾತ್ರಿ ಎಂಬುದಿಲ್ಲ, ಮತ್ತು ಆ ಕೆಲಸವೆಲ್ಲ ಬಗ್ಗಿ ಮಾಡುವ ಕೆಲಸವೇ.

ಸುದ್ದಿ ಕೇಳಿ ಆವಲಪ್ಪ ಹೊಲದಿಂದ ಬಂದ. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, ಉಳುಕು, ಬೇರೇನೂ ಅಲ್ಲ, ಎರಡು ದಿನಕ್ಕೆ ಬಿಡುತ್ತೆ ಎಂದು ತೀರ್ಪು ಕೊಟ್ಟು, ಮುದ್ದೆ ಆಗಿದೆಯಾ ಎಂದು ಕೇಳಿದ. ಮುದ್ದೆ ಆಗಿರಲಿಲ್ಲ. ಆದಿಲಕ್ಷ್ಮಿ ಸೊಪ್ಪಿನ ಕೈಯಲ್ಲೇ ಒಲೆಯ ಹತ್ತಿರ ಓಡಿದಳು.

ಎರಡು ದಿನ ಆಯಿತು, ವಾರ ಆಯಿತು. ಹರಳೆಣ್ಣೆ ತಿಕ್ಕಿದರು. ಲಕ್ಕಿ ಸೊಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟರು. ಇಟ್ಟಿಗೆ ಕಾಯಿಸಿ ಇಟ್ಟರು. ಕಾವು ಇದ್ದಷ್ಟು ಹೊತ್ತು ಸುಖ, ಆಮೇಲೆ ನೋವು ತನ್ನ ದಾರಿ ತಾನು ಹಿಡಿದು ಇಳಿಯುತ್ತಿತ್ತು. ಕೂತರೆ ಆಗದು, ಮಲಗಿ ಮಗ್ಗುಲು ಬದಲಿಸಿದರೆ ಆಗದು, ಕೆಮ್ಮಿದರೆ ಜೀವ ಹೋದಂತಾಗುವುದು. ನೋವು ಇರುವುದು ಕಾಲಿನಲ್ಲಿ, ಕಾಲಿನಲ್ಲಿ ಗಾಯವಿಲ್ಲ, ಊತವಿಲ್ಲ. ನೋಡಲು ಬಂದವರಿಗೆ ತೋರಿಸಲು ಏನೂ ಇಲ್ಲ. ಮುನಿಗಂಗಮ್ಮನಿಗೆ ನೋವಿಗಿಂತ ಅದೇ ಅವಮಾನ. ಸುಳ್ಳು ಕಾಯಿಲೆ ಹಿಡಿದು ಬಸುರಿ ಸೊಸೆಯ ಕೈಲಿ ದುಡಿಸುತ್ತಿದ್ದಾಳೆ ಎಂದು ನಾಲ್ಕು ಜನ ಅಂದುಕೊಂಡರೆ ಏನು ಗತಿ?

ಪಕ್ಕದ ಮನೆಯ ದೊಡ್ಡಮುನಿಯಮ್ಮ ಎಲೆಯಡಿಕೆ ಜಗಿಯುತ್ತ ಬಂದು ಕಾಲ ಬುಡದಲ್ಲಿ ಕೂತಳು. ನಡುವೆ ತೆಲುಗು ಸೇರಿಸಿ ಮಾತಾಡುವುದು ಅವಳ ರೂಢಿ.

"ಏಮ್ಮಾ ಗಂಗಮ್ಮ, ಊರೋರೆಲ್ಲ ಸೊಂಟ ಹಿಡಕೊಂಡು ನಿಮ್ಮ ಮನೆ ಬಾಗಿಲಿಗೆ ಬರ್ತಾರೆ. ನೀನು ಒಳಗೇ ಇಟ್ಕೊಂಡು ನರಳ್ತಾ ಇದ್ದೀಯಲ್ಲ. ಸೊಸೆ ಕೈಲಿ ಒದೆಸ್ಕೋಬಾರ್ದಾ?"

ವಿಷಯ ಇಷ್ಟೇ. ಆದಿಲಕ್ಷ್ಮಿ ಹುಟ್ಟುವಾಗ ತಲೆ ಮುಂದಾಗದೆ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಎಡಗಾಲಿನಲ್ಲಿ ಮೂರು ಸಲ ಒದ್ದರೆ ಸೊಂಟದ ಉಳುಕು ಬಿಟ್ಟುಹೋಗುತ್ತದೆ ಎಂಬುದು ಆ ಕಡೆಯ ನಂಬಿಕೆ. ತವರಿನಲ್ಲಿ ಅವಳ ಕಾಲಿಗೆ ದೊಡ್ಡ ಹೆಸರು. ಮದುವೆ ಮಾತಿನ ದಿನ ಅವಳಪ್ಪ ಇದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದ, ಆವಲಪ್ಪ ತಲೆದೂಗಿದ್ದ. ಬೈರಕೂರಿಗೆ ಬಂದ ಮೇಲೂ ಬೆಳಿಗ್ಗೆ ಬಾಗಿಲು ತೆರೆದರೆ ಯಾರಾದರೊಬ್ಬರು ಸೊಂಟದ ಮೇಲೆ ಕೈಯಿಟ್ಟುಕೊಂಡು ಜಗಲಿಯ ಪಕ್ಕ ನಿಂತಿರುತ್ತಿದ್ದರು. ಹುಡುಗಿ ಕಸಬರಿಕೆ ಕೆಳಗಿಟ್ಟು, ತಲೆ ತಗ್ಗಿಸಿ, ಒದ್ದು, ಮತ್ತೆ ಕಸಬರಿಕೆ ಎತ್ತಿಕೊಳ್ಳುತ್ತಿದ್ದಳು.

"ಸೊಸೆ ಕಾಲು ಅತ್ತೆ ಮೈಗೆ ತಾಕೋದಾ? ಬಾಯಿ ತೊಳ್ಕೊಂಡು ಬಾ ಹೋಗು" ಎಂದು ಮುನಿಗಂಗಮ್ಮ ಗೋಡೆಯ ಕಡೆ ತಿರುಗಲು ಹೋಗಿ, ತಿರುಗಲಾರದೆ ನರಳಿದಳು.

ಆ ಬೆಳೆಯ ಹುಳ ಹೇಗೋ ಹಣ್ಣಾಗಿ ಗೂಡು ಕಟ್ಟಿದವು. ಹೇಗೋ ಅಂದರೆ, ಆದಿಲಕ್ಷ್ಮಿಯ ಮೈಮೇಲೆ ಹಾದು. ಹುಡುಗಿಯ ಕಣ್ಣ ಕೆಳಗೆ ಕಪ್ಪು ಬಿತ್ತು. ಕಾಲು ಊದಿಕೊಂಡಿತು. ಕೂತರೆ ಕೂತಲ್ಲೇ ತೂಕಡಿಕೆ. ಮುನಿಗಂಗಮ್ಮ ಮಲಗಿದ್ದಲ್ಲಿಂದಲೇ ಇದನ್ನೆಲ್ಲ ನೋಡುತ್ತಿದ್ದಳು. ನೋಡುವುದೊಂದು ಬಿಟ್ಟು ಅವಳಿಗೆ ಬೇರೆ ಕೆಲಸವಿರಲಿಲ್ಲ.

ಒಂದು ದಿನ ಆವಲಪ್ಪ ಅವರೆಕಾಳಿನ ಸಾರಿಗೆ ಮುದ್ದೆ ಅದ್ದುತ್ತ, ಮುಂದಿನ ಬೆಳೆಗೂ ಹುಳದ ಮೊಟ್ಟೆ ತರಲು ಹೇಳಿದ್ದೇನೆ ಎಂದ. ಮುನಿಗಂಗಮ್ಮ ಕಂಬಕ್ಕೆ ಒರಗಿ ನಿಂತೇ ಉಣ್ಣುತ್ತಿದ್ದಳು. ಕೂತು ಉಣ್ಣಲು ಆಗುತ್ತಿರಲಿಲ್ಲ.

"ಯಾರು ಸಾಕ್ತಾರೆ?" ಎಂದು ಕೇಳಿದಳು.

"ಆದಿಲಕ್ಷ್ಮಿ ಇದ್ದಾಳಲ್ಲ."

"ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಏಳು ತುಂಬುತ್ತೆ. ಮಡಿಲು ತುಂಬಿ ತವರಿಗೆ ಕಳಿಸ್ಬೇಕು."

"ನೀನು ಹಿಂಗೆ ಬಿದ್ದಿದ್ರೆ ಅವಳನ್ನ ಹೆಂಗೆ ಕಳಿಸೋದು? ಮನೆ ಯಾರು ನೋಡ್ತಾರೆ? ಈ ಊರಲ್ಲಿ ಯಾರೂ ಹೆತ್ತಿಲ್ವಾ? ನೀನು ಹೆರಲಿಲ್ವಾ ಇಲ್ಲೇ?"

ಮುನಿಗಂಗಮ್ಮ ತಣಿಗೆ ಕೆಳಗಿಟ್ಟಳು. ಹೌದು, ಅವಳು ಇಲ್ಲೇ ಹೆತ್ತಿದ್ದಳು. ಚೊಚ್ಚಲಿಗೆ ತವರಿಗೆ ಕಳಿಸಿ ಎಂದು ಅಣ್ಣ ಗಾಡಿ ಕಟ್ಟಿಕೊಂಡು ಬಂದಿದ್ದ. ಕೊಯ್ಲು ಮುಗಿಯಲಿ ಎಂದು ಅವಳ ಅತ್ತೆ ಗಾಡಿಯನ್ನು ಹಾಗೇ ವಾಪಸು ಕಳಿಸಿದ್ದಳು. ಕೊಯ್ಲು ಮುಗಿಯುವ ಮೊದಲೇ ನೋವು ಬಂತು, ಮನೆಯವರೆಲ್ಲ ಕಣದಲ್ಲಿದ್ದರು. ಹೆಣ್ಣುಮಗು, ಒಂದು ಸಲ ಅತ್ತಿತು, ಮತ್ತೆ ಅಳಲಿಲ್ಲ. ಹಿತ್ತಲ ನುಗ್ಗೆಮರದ ಆಚೆ ಅದನ್ನು ಮಣ್ಣು ಮಾಡಿದ ಜಾಗ ಈಗ ಯಾರಿಗೂ ಗುರುತಿಲ್ಲ, ಅವಳಿಗೆ ಇದೆ. ಸೊಸೆ ಬಸುರಿ ಎಂದು ತಿಳಿದ ದಿನವೇ ಅವಳು ಒಳಗೊಳಗೇ ಆಣೆ ಇಟ್ಟುಕೊಂಡಿದ್ದಳು. ಏನೇ ಆಗಲಿ, ಈ ಹುಡುಗಿಯನ್ನು ಹೊತ್ತಿಗೆ ಸರಿಯಾಗಿ ಅವಳ ತಾಯಿಯ ಹತ್ತಿರ ಕಳಿಸುವುದು.

"ನಾನು ಎದ್ದು ನಿಂತ್ಕೋತೀನಿ. ಅವಳು ಹೋಗ್ತಾಳೆ" ಎಂದಷ್ಟೇ ಹೇಳಿದಳು.

"ಎದ್ದಾಗ ನೋಡೋಣ" ಎಂದ ಆವಲಪ್ಪ. ಮುನಿಶಾಮಿ ತಲೆಯೆತ್ತದೆ ಸಾರು ಸುರಿದುಕೊಂಡ.

ಏಳುವುದೆಂದರೆ ಅವಳಿಗೆ ತಿಳಿದಿದ್ದ ದಾರಿ ಒಂದೇ ಉಳಿದಿತ್ತು. ಅಂದು ಮಧ್ಯಾಹ್ನ ಆದಿಲಕ್ಷ್ಮಿ ಕಾವಿನ ಗಂಟು ಹಿಡಿದುಕೊಂಡು ಬಂದಾಗ ಮುನಿಗಂಗಮ್ಮ ಅವಳ ಕಾಲನ್ನೇ ನೋಡುತ್ತ, ಯಾವಾಗಿನಿಂದ ಒದೆಯೋಕೆ ಶುರು ಮಾಡಿದೆ ಎಂದು ಕೇಳಿದಳು.

"ನಂಗೆ ನೆನಪಿಲ್ಲ ಅತ್ತೆ. ನಡೆಯೋಕೆ ಬರೋ ಮುಂಚೆ ನಮ್ಮವ್ವ ನನ್ನ ಕಾಲು ಹಿಡ್ಕೊಂಡು ಒದೆಸ್ತಿದ್ಲಂತೆ." ಹುಡುಗಿ ಗಂಟನ್ನು ಒತ್ತುತ್ತ, ಯಾರಿಗೋ ಹೇಳುವಂತೆ ಹೇಳಿದಳು. "ಊಟಕ್ಕೆ ಕೂತಿದ್ರೆ ಎಬ್ಬಿಸ್ತಿದ್ರು. ಜ್ವರ ಬಂದು ಮಲಗಿದ್ರೂ ಎತ್ಕೊಂಡು ಹೋಗ್ತಿದ್ರು. ಉಳುಕು ಬಿಟ್ರೆ ದೇವರ ದಯೆ ಅನ್ನೋರು, ಬಿಡದಿದ್ರೆ ಹುಡುಗಿ ಮನಸ್ಸಿಟ್ಟು ಒದೆಯಲಿಲ್ಲ ಅನ್ನೋರು. ನನ್ನ ಕಾಲು ನಂದು ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ."

ಇಷ್ಟು ಮಾತನ್ನು ಅವಳು ಈ ಮನೆಗೆ ಬಂದ ಮೇಲೆ ಒಟ್ಟಿಗೆ ಆಡಿದ್ದು ಅದೇ ಮೊದಲು. ಮುನಿಗಂಗಮ್ಮನಿಗೆ ಅಯ್ಯೋ ಅನ್ನಿಸಿತು. ಆದರೂ ಹೇಳಿಬಿಟ್ಟಳು, ಭಾನುವಾರ ಬೆಳಿಗ್ಗೆ ನನಗೂ ಒದೆ ಅಂತ. ಹುಡುಗಿ ಆಗುವುದಿಲ್ಲ ಎಂದು ಅತ್ತಳು. ನಿನ್ನನ್ನು ತವರಿಗೆ ಕಳಿಸಬೇಕಾದರೆ ನಾನು ಏಳಲೇಬೇಕು ಕಣೇ ಎಂದು ಅತ್ತೆ ಗದರಿದಳು.

ಭಾನುವಾರ ಗಂಡಸರನ್ನು ತೋಟಕ್ಕೆ ಅಟ್ಟಿ, ಬಾಗಿಲು ಹಾಕಿಕೊಂಡರು. ಪದ್ಧತಿಯ ಪ್ರಕಾರ ಮುನಿಗಂಗಮ್ಮ ಪೂರ್ವಕ್ಕೆ ಮುಖ ಮಾಡಿ, ಒಳಬಾಗಿಲ ಚೌಕಟ್ಟು ಹಿಡಿದು ನಿಂತಳು. ಆದಿಲಕ್ಷ್ಮಿ ಮೊದಲು ಅತ್ತೆಯ ಕಾಲಿಗೆ ಬಿದ್ದು ನಮಸ್ಕಾರ ಮಾಡಿದಳು. ಆಮೇಲೆ ಎಡಗಾಲು ಎತ್ತಿ ಸೊಂಟಕ್ಕೆ ತಾಕಿಸಿದಳು, ಹೂವು ಮುಟ್ಟಿದ ಹಾಗೆ. ಇದೇನೇ ಇದು, ಸರಿಯಾಗಿ ಒದೆ ಎಂದಳು ಅತ್ತೆ. ಎರಡನೆಯ ಸಲವೂ ಅಷ್ಟೇ. "ನನ್ನ ಮೇಲೆ ಗೌರವ ಇದ್ರೆ ಗಟ್ಟಿಯಾಗಿ ಒದೆಯೇ" ಎಂದು ಬೈದ ಮೇಲೆ ಹುಡುಗಿ ಕಣ್ಣು ಮುಚ್ಚಿಕೊಂಡು ಮೂರನೆಯದನ್ನು ಒದ್ದಳು.

ಮುನಿಗಂಗಮ್ಮ ಹೊಸ್ತಿಲ ಮೇಲೆ ಕುಸಿದಳು. ಈ ಸಲ ಕೂಗಿದಳು. ಊರಿಗೆಲ್ಲ ಕೇಳಿಸಿತು.

ಆ ಮೇಲಿನ ದಿನಗಳು ಯಾರಿಗೂ ಬೇಡ. ಎಡಗಾಲು ಜೋಮು ಹಿಡಿದು, ಕಿರುಬೆರಳು ಯಾರದೋ ಬೆರಳಿನ ಹಾಗಾಯಿತು, ಚಿವುಟಿದರೂ ತಿಳಿಯದು. ಬಹಿರ್ದೆಸೆಗೂ ಮಗ ಮತ್ತು ಸೊಸೆ ಆಚೆ ಈಚೆ ಹಿಡಿದು ಕರೆದೊಯ್ಯಬೇಕು. ದೊಡ್ಡಮುನಿಯಮ್ಮ, ಬಸುರಿಯಾದ ಮೇಲೆ ಆ ಕಾಲಿನ ಗುಣ ಹೊರಟುಹೋಗಿದೆ ಎಂದು ಬಾವಿಕಟ್ಟೆಯಲ್ಲಿ ಹೇಳಿದಳು. ಇನ್ನು ಕೆಲವರು, ಗುಣ ಹೋಗಿಲ್ಲ, ಸೇಡು ತೀರಿಸಿಕೊಂಡಿದ್ದಾಳೆ ಎಂದರು. ಬೆಳಿಗ್ಗೆ ಜಗಲಿಯ ಪಕ್ಕ ನಿಲ್ಲುವವರು ನಿಂತುಹೋದರು. ಆವಲಪ್ಪ ಸೊಸೆಯ ಎದುರೇ, ಮನೆ ಮುರುಕಿ ಎಂದು ಒಂದು ಮಾತು ಆಡಿದ. ಹುಡುಗಿ ಅಂದು ತಣಿಗೆ ಮುಂದೆ ಕೂರಲಿಲ್ಲ.

ಮುನಿಗಂಗಮ್ಮ ಮಲಗಿದ್ದಲ್ಲಿಂದಲೇ ಗಂಡನನ್ನು ಕರೆದಳು. "ಒದೆ ಅಂತ ಹೇಳಿದ್ದು ನಾನು. ಗಟ್ಟಿಯಾಗಿ ಒದೆ ಅಂತ ಬೈದಿದ್ದೂ ನಾನು. ಇನ್ನೊಂದು ಮಾತು ಆ ಹುಡುಗಿಗೆ ಅಂದ್ರೆ ನಾನು ಈ ಮನೇಲಿ ಗಂಜಿ ಮುಟ್ಟಲ್ಲ." ಆಮೇಲೆ ಆದಿಲಕ್ಷ್ಮಿ ಉಣ್ಣುವವರೆಗೂ ಅವಳೂ ಉಣ್ಣದೆ ಕಾದಳು. ಇಬ್ಬರೂ ಆರಿದ ಮುದ್ದೆ ಉಂಡರು.

ಅಪ್ಪನ ಎದುರು ಬಾಯಿ ಬಿಡದ ಮುನಿಶಾಮಿ ಮರುದಿನ ಕೇಳದೆಯೇ ಗಾಡಿ ಕಟ್ಟಿದ. ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ತಾಯಿಯನ್ನು ಮಲಗಿಸಿ ಮುಳಬಾಗಿಲಿನ ಆಸ್ಪತ್ರೆಗೆ ಕರೆದೊಯ್ದ. ಆವಲಪ್ಪನೂ ಗೊಣಗುತ್ತ ಹತ್ತಿದ. ಡಾಕ್ಟರು ನಡುವಯಸ್ಸಿನ ಮನುಷ್ಯ, ಸಾಲು ಉದ್ದ ಇದ್ದರೂ ಅವಸರ ಮಾಡಲಿಲ್ಲ. ಅವಳನ್ನು ಅಂಗಾತ ಮಲಗಿಸಿ, ಮಂಡಿ ಬಗ್ಗದ ಹಾಗೆ ಹಿಡಿದು ಎಡಗಾಲನ್ನು ಮೆಲ್ಲಗೆ ಮೇಲೆತ್ತಿದರು. ಒಂದು ಮೊಳ ಏರುವುದರೊಳಗೆ ಅವಳಿಗೆ ನೋವು ಮಿಂಚಿತು. ಬಲಗಾಲು ಎತ್ತಿದರೆ ಏನೂ ಇಲ್ಲ.

"ಇದು ಉಳುಕಲ್ಲ. ಸಯಾಟಿಕಾ ಅಂತಾರೆ" ಎಂದರು ಡಾಕ್ಟರು. "ಬೆನ್ನುಮೂಳೆಯ ಬುಡದಿಂದ ಒಂದು ದಪ್ಪ ನರ ಹೊರಟು ಕಾಲಿನ ಬೆರಳವರೆಗೆ ಹೋಗುತ್ತೆ. ಅದು ಹೊರಡುವ ಕಡೆ ಸಿಕ್ಕಿಹಾಕಿಕೊಂಡಿದೆ. ಬಾಗಿಲ ಸಂದಿಯಲ್ಲಿ ಹಗ್ಗ ಸಿಕ್ಕಿದ ಹಾಗೆ. ನೋವು ಕಾಲಲ್ಲಿ ಕಾಣುತ್ತೆ, ತೊಂದರೆ ಇರೋದು ಸೊಂಟದಲ್ಲಿ."

ಮುನಿಗಂಗಮ್ಮ ಕಣ್ಣು ಮುಚ್ಚಿಕೊಂಡಳು. ವಾಸಿಯಾಗದಿದ್ದರೂ ಪರವಾಗಿಲ್ಲ, ಈ ನೋವಿಗೆ ಒಂದು ಹೆಸರು ಇದೆಯಲ್ಲ, ತಾನು ಸುಳ್ಳು ಹೇಳುತ್ತಿರಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಮಾತ್ರೆ ಕೊಟ್ಟರೆ ನೋವು ಸ್ವಲ್ಪ ಮರೆಯಾಗುತ್ತದೆ, ನರ ಬಿಡುವುದಿಲ್ಲ. ಹಲಗೆಯ ಮೇಲೆ ಮಲಗಬೇಕು, ಬಗ್ಗಬಾರದು, ಭಾರ ಎತ್ತಬಾರದು ಎಂದರು ಡಾಕ್ಟರು. ಅಮೆರಿಕದಲ್ಲಿ ಬೆನ್ನುಮೂಳೆಯನ್ನು ಕೈಯಲ್ಲೇ ಒತ್ತಿ ಸರಿಮಾಡುವ ಕೈರೋಪ್ರಾಕ್ಟರ್ ಎಂಬ ವೈದ್ಯರಿದ್ದಾರಂತೆ, ನಾನು ಓದಿದ್ದೇನೆ, ಕಂಡಿಲ್ಲ ಎಂದರು. ಇಲ್ಲಿ ಕೈಯಲ್ಲಿ ಒತ್ತುವವರು ಬೇಕಾದರೆ ಶ್ರೀನಿವಾಸಪುರದಲ್ಲಿ ಮೂಳೆ ಕಟ್ಟುವ ರಾಮಚಂದ್ರಪ್ಪ ಎಂಬುವವರಿದ್ದಾರೆ, ಮುರಿದ ಕೈಕಾಲಿನವರು ಹೋಗುತ್ತಾರೆ. ಹೋಗಿ ನೋಡಿ, ಆದರೆ ಜಗ್ಗುವುದು, ಒದೆಯುವುದು ಮಾತ್ರ ಬೇಡ ಎಂದು ಎಚ್ಚರಿಸಿದರು. ಒದೆ ಎಂದ ಕೂಡಲೇ ಆವಲಪ್ಪ ಗೋಡೆ ನೋಡಿದ.

ಪೆಟ್ರೋಲು ಸಿಗದ ಕಾಲ. ಶ್ರೀನಿವಾಸಪುರಕ್ಕೆ ಹೋಗುವ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದಕ್ಕಿಂತ ಕೆಮ್ಮುತ್ತಿತ್ತು. ಒಂದೊಂದು ಗುಂಡಿಗೂ ಮುನಿಗಂಗಮ್ಮ ಮಗನ ತೋಳನ್ನು ಹಿಂಡಿದಳು. ಮುನಿಶಾಮಿ ತೋಳು ಕೊಟ್ಟು ಕೂತಿದ್ದ, ಆವಲಪ್ಪ ಎದುರಿನ ಸೀಟಿನಲ್ಲಿದ್ದ.

ರಾಮಚಂದ್ರಪ್ಪ ಬೋಳುತಲೆಯ ಮುದುಕ, ಕೈಬೆರಳುಗಳು ಮಾತ್ರ ಬಲಿತ ಬಿದಿರಿನಂತೆ ಗಟ್ಟಿ. ಅವರೂ ಕಾಲು ಎತ್ತಿ ನೋಡಿದರು. ಬೆನ್ನುಮೂಳೆಯ ಒಂದೊಂದು ಗಂಟನ್ನೂ ಹೆಬ್ಬೆಟ್ಟಿನಲ್ಲಿ ತಡವಿದರು. ಆಮೇಲೆ ಬಲಮಗ್ಗುಲಿಗೆ ಮಲಗಿಸಿ, ಎಡ ಮಂಡಿ ಮಡಿಸಿ, ಒಂದು ಕೈ ಭುಜದ ಮೇಲೆ, ಒಂದು ಕೈ ಸೊಂಟದ ಮೇಲೆ ಇಟ್ಟು, ಉಸಿರು ಬಿಡು ಅಂದರು. ಅವಳು ಉಸಿರು ಬಿಟ್ಟಾಗ ನಿಧಾನಕ್ಕೆ ಒತ್ತಿದರು. ಒಳಗೆ ಲಟ್ ಎಂದು ಒಂದು ಸದ್ದು ಬಂತು. ನೋವು ಪಾದದಿಂದ ಮಂಡಿಗೆ ಹಿಂದೆ ಸರಿದ ಹಾಗಾಯಿತು.

"ಒಂದು ಸಲಕ್ಕೆ ಹೋಗೋದಲ್ಲ ಇದು" ಎಂದರು. ವಾರಕ್ಕೊಂದು ಸಲ ಬರಬೇಕು. ನಡುವೆ ಮನೆಯಲ್ಲಿ ದಿನಾ ಬೆಳಿಗ್ಗೆ ಸಂಜೆ ಕುಂಡೆಯ ಈ ಗುಂಡಿಯಲ್ಲಿ ಹಿಮ್ಮಡಿಯಿಂದ ಒತ್ತಬೇಕು. ಕೈಯಲ್ಲಿ ಅಷ್ಟು ಬಲ ಬರುವುದಿಲ್ಲ. ತೊಲೆಯಿಂದ ಹಗ್ಗ ಇಳಿಬಿಟ್ಟು, ಅದನ್ನು ಹಿಡಿದುಕೊಂಡು, ಮೈಭಾರವನ್ನು ಹಗ್ಗಕ್ಕೆ ಬಿಟ್ಟು, ಬೇಕಾದಷ್ಟನ್ನು ಮಾತ್ರ ಕಾಲಿಗೆ ಇಳಿಸಬೇಕು. ಒದೆಯುವುದಲ್ಲ, ತುಳಿಯುವುದೂ ಅಲ್ಲ, ಇಟ್ಟು ನಿಲ್ಲುವುದು.

ಆವಲಪ್ಪನ ಮುಖ ಅರಳಿತು. ಹಾಗಾದರೆ ಸೊಸೆಯೇ ಆಗಬೇಕು, ಅವಳು ಕಾಲು ಮುಂದಾಗಿ ಹುಟ್ಟಿದವಳು ಎಂದ.

"ಹೆಂಗೆ ಹುಟ್ಟಿದ್ರೂ ಹಿಮ್ಮಡಿ ಹಿಮ್ಮಡಿನೇ ಅಲ್ವಾ?" ಎಂದರು ರಾಮಚಂದ್ರಪ್ಪ. "ಯಾರ ಕಾಲಾದ್ರೂ ಸರಿ. ದಿನಾ ಬಿಡದೆ ಇಡೋ ಕಾಲು ಇರಬೇಕು."

ಬಸ್ಸಿನಲ್ಲಿ ವಾಪಸು ಬರುವಾಗ ಮುನಿಗಂಗಮ್ಮ ಆ ಮಾತನ್ನೇ ಮೆಲುಕು ಹಾಕುತ್ತಿದ್ದಳು. ಇಷ್ಟು ದಿನ ಆ ಕಾಲಿನಲ್ಲಿ ದೇವರ ಗುಣ ಇದೆ ಎಂದುಕೊಂಡು ಒದೆಸಿಕೊಂಡದ್ದಾಯಿತು. ಯಾರ ಕಾಲಾದರೂ ಸರಿ ಎಂದ ಮೇಲೆ ಯಾರ ಕಾಲು? ಮುನಿಶಾಮಿ ಹೆತ್ತ ಮಗ. ತಾಯಿಯ ಮೈಮೇಲೆ ಕಾಲಿಡು ಎಂದರೆ ಅವನು ಊರು ಬಿಟ್ಟು ಓಡುತ್ತಾನೆ. ಸೊಸೆಗೆ ಏಳು ತುಂಬುತ್ತ ಬಂತು, ಹಗ್ಗ ಹಿಡಿದು ನೇತಾಡುವ ಮೈಯಲ್ಲ ಅದು. ಉಳಿದದ್ದು ಎದುರಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿತ್ತು.

ಮನೆಗೆ ಬಂದ ಸಂಜೆ ಅವಳು ಮುನಿಶಾಮಿಯಿಂದ ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿಸಿದಳು. ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಅಲ್ಲೇ ಇತ್ತು, ಅದಕ್ಕೇ ಕಟ್ಟಿದ. ಕೆಳಗೆ ಹಲಗೆ ಹಾಕಿಸಿದಳು. ಆದಿಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಾಗ, ನೀನು ಒಲೆ ನೋಡು ಹೋಗು ಎಂದು ಹಿಂದಕ್ಕೆ ಕಳಿಸಿದಳು. ಆಮೇಲೆ ಗಂಡನನ್ನು ಕರೆದಳು.

"ಕಾಲು ತೊಳ್ಕೊಂಡು ಬಾ."

"ಯಾಕೆ?"

"ನೀನೇ ಇಡ್ಬೇಕು."

ಆವಲಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. ಇದೆಲ್ಲ ಗಂಡಸರ ಕೆಲಸವಾ, ಊರಲ್ಲಿ ನನಗೆ ಮರ್ಯಾದೆ ಇಲ್ಲವಾ, ಸೊಸೆ ಇರುವುದು ಯಾತಕ್ಕೆ ಎಂದೆಲ್ಲ ಹಾರಾಡಿದ. ಅವನು ಸುಸ್ತಾಗುವವರೆಗೂ ಮುನಿಗಂಗಮ್ಮ ಹಲಗೆಯ ಮೇಲೆ ಬೋರಲು ಮಲಗಿ ಕಾದಳು. ಅವಳಿಗೂ ಸಾಕಾಗಿತ್ತು. ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ.

"ಸೊಸೆ ಕಾಲು ತಾಕಿದ್ರೆ ಪಾಪ ಅಂತೀರ. ಮಗನ ಕಾಲು ತಾಕಿದ್ರೆ ಪಾಪ ಅಂತೀರ. ಗಂಡನ ಕಾಲು ಹೆಂಡ್ತಿ ಮೇಲೆ ಬಿದ್ರೆ ಮಾತ್ರ ಯಾರೂ ಪಾಪ ಅಂದಿದ್ದು ನಾನು ಕೇಳಿಲ್ಲ" ಎಂದಳು, ಮುಖ ಹಲಗೆಗೆ ಇಟ್ಟುಕೊಂಡೇ. "ಸಿಟ್ಟು ಬಂದಾಗ ಎರಡು ಮೂರು ಸಲ ಇಟ್ಟೂ ಇದ್ದೀಯ. ಈಗ ಒಳ್ಳೇದಕ್ಕೆ ಇಡು."

ಒಳಗೆ ಒಲೆಯ ಹತ್ತಿರ ಕಡ್ಡಿ ಮುರಿಯುವ ಸದ್ದು ನಿಂತಿತು. ಮುನಿಶಾಮಿ ಎದ್ದು ಹಿತ್ತಲಿಗೆ ಹೋದ. ಆವಲಪ್ಪ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದು ಹಗ್ಗ ಹಿಡಿದ.

ಮೊದಲ ದಿನ ಅವನ ಹಿಮ್ಮಡಿ ಎಲ್ಲೆಲ್ಲೋ ಜಾರಿತು. ಮೇಲೆ, ಕೆಳಗೆ, ಅಲ್ಲಲ್ಲ ಎಂದು ಅವಳು ಹೇಳಿ ಹೇಳಿ ಸೋತಳು. ನಾಲ್ಕು ದಿನಕ್ಕೆ ಜಾಗ ಸಿಕ್ಕಿತು. ಒಳಗಿನ ಬಿಗಿ ಮೆಲ್ಲಗೆ ಸಡಿಲಿ ಕಾಲಿಗೆ ಬಿಸಿ ಇಳಿಯುವುದು ಅವಳಿಗೆ ಗೊತ್ತಾಗುತ್ತಿತ್ತು. ಕಾಲಿಟ್ಟು ನಿಂತಷ್ಟು ಹೊತ್ತು ಆವಲಪ್ಪ ಯಾವುದೋ ಹೊಲದ ವ್ಯಾಜ್ಯದ ಮಾತು ಆಡುತ್ತಿದ್ದ. ಬರುಬರುತ್ತ ಅದೂ ನಿಂತು, ನೋವಾಗುತ್ತಾ ಎಂದು ಕೇಳತೊಡಗಿದ. ಅಷ್ಟು ವರ್ಷದ ಸಂಸಾರದಲ್ಲಿ ಆ ಪ್ರಶ್ನೆ ಹೊಸದು. ಆಗುತ್ತೆ ಎಂದು ಅವಳು ಹೇಳುತ್ತಿದ್ದಳು, ಆಗದಿದ್ದಾಗಲೂ.

ವಾರಕ್ಕೊಮ್ಮೆ ಶ್ರೀನಿವಾಸಪುರಕ್ಕೆ ಹೋಗಿ ಬಂದರು. ಮಾಗಿಯ ಬೆಳೆಗೆ ಮೊಟ್ಟೆ ತರಲಿಲ್ಲ. ಬರಿದಾದ ತಟ್ಟೆಗಳನ್ನು ಆದಿಲಕ್ಷ್ಮಿ ತೊಳೆದು ಬಿಸಿಲಿಗಿಟ್ಟು ಅಟ್ಟಕ್ಕೆ ಏರಿಸಿದಳು. ಊರಿನ ಮನೆಗಳಲ್ಲೆಲ್ಲ ಹುಳ ಸೊಪ್ಪು ಮೇಯುವಾಗ ತಮ್ಮ ಪಡಸಾಲೆ ಸುಮ್ಮನಿರುವುದು ಆವಲಪ್ಪನಿಗೆ ಸಹಿಸಲಾಗಲಿಲ್ಲ, ದಿನಕ್ಕೊಂದು ಸಲ ಗೊಣಗಿದ. ಗೊಣಗುತ್ತಲೇ ಕಾಲು ತೊಳೆದುಕೊಂಡು ಬಂದ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಆದಿಲಕ್ಷ್ಮಿಯ ಅಣ್ಣ ಕದಿರೇಶ ಗಾಡಿ ಕಟ್ಟಿಕೊಂಡು ಬಂದ. ಮುನಿಗಂಗಮ್ಮ ಪೂರಾ ಎದ್ದಿರಲಿಲ್ಲ. ಕೋಲು ಹಿಡಿದು ಒಲೆಯಿಂದ ಬಾಗಿಲವರೆಗೆ ನಡೆಯುತ್ತಿದ್ದಳು, ಕಿರುಬೆರಳು ಇನ್ನೂ ಮರಗಟ್ಟಿತ್ತು. ಗಾಡಿ ನೋಡಿ ಆವಲಪ್ಪ, ಇನ್ನೊಂದು ತಿಂಗಳು ಇದ್ದು ಹೋಗಲಿ, ಇವಳು ಸರಿಯಾಗಿ ನಿಲ್ಲಲಿ ಎಂದು ಶುರು ಮಾಡಿದ. ಮುನಿಗಂಗಮ್ಮ ಅವನ ಮಾತು ಮುಗಿಯುವ ತನಕ ಕಾಯಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಯಾರನ್ನೂ ಹಿಡಿಯದೆ, ಎಡಗಾಲು ಎಳೆದುಕೊಂಡು ಸೊಸೆಯ ಹತ್ತಿರ ಹೋಗಿ, ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು ಹಾಕಿ ಮಡಿಲು ತುಂಬಿದಳು.

"ಈ ಗಾಡಿ ಖಾಲಿ ವಾಪಸು ಹೋಗೋದಿಲ್ಲ" ಎಂದಳು.

ಅವಳು ಯಾವ ಗಾಡಿಯ ಮಾತು ಆಡುತ್ತಿದ್ದಾಳೆ ಎಂಬುದು ಆವಲಪ್ಪನಿಗೆ ಗೊತ್ತಿತ್ತು. ಅವನು ಎದ್ದು ಎತ್ತುಗಳಿಗೆ ನೀರು ತೋರಿಸಲು ಹೋದ. ಆದಿಲಕ್ಷ್ಮಿ ಅತ್ತೆಯ ಕಾಲಿಗೆ ಬೀಳಲು ಬಗ್ಗಿದಳು, ಹೊಟ್ಟೆ ಅಡ್ಡ ಬಂತು. ಇರಲಿ ಬಿಡೇ, ಇಬ್ಬರೂ ಬಗ್ಗೋ ಹಾಗಿಲ್ಲ ಎಂದು ಮುನಿಗಂಗಮ್ಮ ನಕ್ಕಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅವಳು ಗೋಡೆಗೆ ಕೈ ಚಾಚಿದಳು. ಮುನಿಶಾಮಿ ಬಂದು ಹಿಡಿದುಕೊಂಡ.

ಆಮೇಲಿನ ಎರಡು ತಿಂಗಳು ಆ ಮನೆಯಲ್ಲಿ ಮುದ್ದೆ ತಿರುವಿದ್ದು ಮುನಿಶಾಮಿ. ಗಂಟುಗಂಟು ಮುದ್ದೆ. ಆವಲಪ್ಪ ಒಂದು ದಿನ ಬಾಯಿ ತೆರೆಯಲು ಹೋಗಿ, ಹೆಂಡತಿಯ ಮುಖ ನೋಡಿ, ನುಂಗಿಕೊಂಡ. ತಣಿಗೆಯನ್ನು ತಾನೇ ಎತ್ತಿಟ್ಟ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಒಂದು ಸಂಜೆ ಕದಿರೇಶ ಮತ್ತೆ ಬಂದ. ಕೈಯಲ್ಲಿ ಬೆಲ್ಲ ಇತ್ತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದ. ಮುನಿಶಾಮಿ ಬೆಲ್ಲ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತ. ದೊಡ್ಡಮುನಿಯಮ್ಮ ಓಡಿ ಬಂದು, ಯಾರ ಹೋಲಿಕೆ ಎಂದು ಕೇಳಿದಳು. ನಕ್ಷತ್ರ ಯಾವುದು ಎಂದ ಆವಲಪ್ಪ. ಮುನಿಗಂಗಮ್ಮ ಸಂಜೆ ಒತ್ತಿಸಿಕೊಳ್ಳಲೆಂದು ಹಲಗೆಯ ಮೇಲೆ ಮಲಗಿದ್ದಳು. ಹೆಣ್ಣು ಎಂದು ಕೇಳಿದವಳೇ ಮೊಣಕೈ ಊರಿ ತಲೆಯೆತ್ತಿದಳು.

"ಅಳ್ತಾ ಇದೆಯಾ?"

"ಅಯ್ಯೋ, ಊರೆಲ್ಲ ಎದ್ದೇಳೋ ಹಂಗೆ ಅಳುತ್ತೆ."

"ತಲೆ ಮುಂದಾಗಿ ಬಂತೋ, ಕಾಲು ಮುಂದಾಗಿ ಬಂತೋ?"

ಕದಿರೇಶ ಸ್ವಲ್ಪ ಸಪ್ಪಗಾದ. ತಲೆಯೇ ಮುಂದೆ ಬಂತು, ತಾಯಿಯ ಗುಣ ಮಗುವಿಗೆ ಬರಲಿಲ್ಲವಲ್ಲ ಎಂದು ನಮ್ಮವ್ವ ಬೇಜಾರು ಮಾಡಿಕೊಂಡಳು ಎಂದ.

ಮುನಿಗಂಗಮ್ಮ ತಲೆಯನ್ನು ಮತ್ತೆ ಹಲಗೆಗೆ ಒರಗಿಸಿದಳು. ಎಷ್ಟೋ ತಿಂಗಳಿಂದ ಬಿಗಿ ಹಿಡಿದದ್ದು ಬಿಟ್ಟ ಹಾಗೆ ಅವಳ ಮೈ ಸಡಿಲವಾಯಿತು.

"ಒಳ್ಳೇದಾಯ್ತು ಬಿಡಪ್ಪ" ಎಂದಳು. "ಅದರ ಕಾಲು ಅದಕ್ಕೇ ಇರಲಿ."

ಆವಲಪ್ಪ ಕಾಲು ತೊಳೆದುಕೊಂಡು ಬಂದು ಹಗ್ಗ ಹಿಡಿದ. ನ್ಯಾಯ ಹೇಳುವ ಗಂಡಸು ಹಾಗೆ ನಿಂತದ್ದನ್ನು ಕದಿರೇಶನೂ ದೊಡ್ಡಮುನಿಯಮ್ಮನೂ ನೋಡುತ್ತಿದ್ದರು. ಅವನು ಹಿಮ್ಮಡಿಯನ್ನು ಜಾಗ ನೋಡಿ ಇಟ್ಟು, ನೋವಾಗುತ್ತಾ ಎಂದು ಕೇಳಿದ.

"ಇಲ್ಲ" ಎಂದಳು ಮುನಿಗಂಗಮ್ಮ. "ಆದ್ರೆ ಬೇಗ ವಾಸಿ ಮಾಡು. ಆ ಕೊಂಡಿ ತೊಟ್ಟಿಲಿಗೆ ಬೇಕು."